ಹಳೆಯ ಗಡಿಯಾರ, ಹಳೆಯ ವಸ್ತು ಮತ್ತು ಮಲೆನಾಡಿನ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯ ಜಗುಲಿಯಲ್ಲಿದ್ದ ಗಂಟೆ ಗಡಿಯಾರ ಈಗ ಶಿವಮೊಗ್ಗದ ಮನೆಯಲ್ಲಿ ನಡೆಯುತ್ತಿದೆ. ಬಂದವರು ಅದರ ಸದ್ದು ಕೇಳಿ ತಲೆಯೆತ್ತುತ್ತಾರೆ. ಒಂದೆರಡು ನಿಮಿಷದಲ್ಲಿ ತಮ್ಮ ಮನೆಯ ಅಟ್ಟದಲ್ಲಿ ಮಲಗಿರುವ ಗಡಿಯಾರ, ಹಂಡೆ, ಲಾಟೀನುಗಳ ಮಾತು ಶುರುವಾಗುತ್ತದೆ. ವರ್ಷಗಳಿಂದ ಕೇಳಿಸಿಕೊಂಡ ಪ್ರಶ್ನೆಗಳನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಅಟ್ಟದಲ್ಲಿ ಅಜ್ಜನ ಕಾಲದ ಗಡಿಯಾರ ಸಿಕ್ಕಿದೆ. ಮೊದಲು ಏನು ಮಾಡಲಿ?

ಮೊದಲು ಕೀಲಿ ಕೊಡಬೇಡಿ. ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ, ಗಡಿಯಾರ ಕೆಡುವುದೂ ಅಲ್ಲಿಂದಲೇ. ಹತ್ತಾರು ವರ್ಷ ಓಡದ ಯಂತ್ರದಲ್ಲಿ ಎಣ್ಣೆ ಒಣಗಿ ಅಂಟಾಗಿರುತ್ತದೆ, ಸ್ಪ್ರಿಂಗಿಗೆ ತುಕ್ಕು ಹಿಡಿದಿರುತ್ತದೆ. ಒತ್ತಾಯದಿಂದ ತಿರುಗಿಸಿದರೆ ಹಲ್ಲು ಮುರಿಯುತ್ತದೆ. ಸುತ್ತಿಟ್ಟ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡರೆ ಬೆರಳನ್ನೇ ಸೀಳುವಷ್ಟು ಬಲ ಅದಕ್ಕಿದೆ. ಯಂತ್ರವನ್ನು ನೀವೇ ಬಿಚ್ಚುವ ಯೋಚನೆಯೂ ಬೇಡ.

ಲೋಲಕವನ್ನು ಮೆಲ್ಲಗೆ ಕಳಚಿ ಬೇರೆ ಇಡಿ. ಒಣ ಕುಂಚದಿಂದ ಧೂಳು ಕೊಡವಿ. ಆಮೇಲೆ ಮತ್ತೆ ಅಟ್ಟ ಹತ್ತಿ, ಗಡಿಯಾರ ಸಿಕ್ಕ ಜಾಗದ ಸುತ್ತ ಹುಡುಕಿ. ಕೀಲಿ, ಲೋಲಕದ ಗುಂಡು, ಪೆಟ್ಟಿಗೆಯ ತಲೆಯ ಮೇಲಿದ್ದ ಕೆತ್ತನೆಯ ತುಂಡು ಇವೆಲ್ಲ ಹಳೆಯ ಅಡಿಕೆ ಚೀಲದ ಕೆಳಗೋ ಯಾವುದೋ ಡಬ್ಬಿಯೊಳಗೋ ಸಿಗುವುದುಂಟು. ನಮ್ಮ ಗಡಿಯಾರದ ಕೀಲಿ ಸಿಕ್ಕಿದ್ದು ಅಡಕತ್ತರಿ, ಸುಣ್ಣದ ಡಬ್ಬಿಗಳ ಜೊತೆ, ಅಜ್ಜನ ಎಲೆ ಅಡಿಕೆಯ ಪೆಟ್ಟಿಗೆಯಲ್ಲಿ.

ಅದು ಎಷ್ಟು ಹಳೆಯದೆಂದು ತಿಳಿಯುವುದು ಹೇಗೆ?

ಡಯಲ್‌ಗಿಂತ ಯಂತ್ರದ ಹಿಂದಿನ ಹಿತ್ತಾಳೆ ತಗಡನ್ನು ನೋಡಿ. ನಮ್ಮ ಕಡೆಯ ಮನೆಗಳಿಗೆ ಬಂದ ಗಡಿಯಾರಗಳಲ್ಲಿ ಅಮೆರಿಕದ ಅನ್ಸೋನಿಯಾ, ಸೇತ್ ಥಾಮಸ್, ಜರ್ಮನಿಯ ಯುಂಗ್‌ಹಾನ್ಸ್, ಜಪಾನಿನ ಸೈಕೋಶಾ ಹೆಸರುಗಳು ಕಾಣುತ್ತವೆ. ಎಂಟು ಮೊನೆಯ ನಕ್ಷತ್ರದೊಳಗೆ ಇಂಗ್ಲಿಷಿನ ಜೆ ಅಕ್ಷರವಿದ್ದರೆ ಅದು ಯುಂಗ್‌ಹಾನ್ಸ್. ಸೈಕೋಶಾ ಕಾರ್ಖಾನೆ ಶುರುವಾದದ್ದು 1892ರಲ್ಲಿ, ಆದ್ದರಿಂದ ಆ ಗುರುತಿನ ಗಡಿಯಾರ ಅದಕ್ಕಿಂತ ಹಳೆಯದಾಗಿರಲಾರದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1952ರೊಳಗೆ ತಯಾರಾದದ್ದು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರ ನಂತರದ್ದು.

ತಗಡಿನ ಮೇಲೆ ಪೇಟೆಂಟಿನ ವರ್ಷವೊಂದನ್ನು ಕಂಡು ಅದೇ ಹುಟ್ಟಿದ ವರ್ಷವೆಂದು ತಿಳಿಯುವವರು ಬಹಳ. ಒಂದೇ ಪೇಟೆಂಟಿನ ಯಂತ್ರವನ್ನು ಎಷ್ಟೋ ವರ್ಷ ತಯಾರಿಸುತ್ತಿದ್ದರು. ಗಡಿಯಾರ ಅದಕ್ಕಿಂತ ಹಿಂದಿನದಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ.

ರೋಮನ್ ಅಂಕಿಯ ಡಯಲ್‌ನಲ್ಲಿ ನಾಲ್ಕನ್ನು ನಾಲ್ಕು ಗೀಟುಗಳಿಂದ ಬರೆದಿದ್ದರೆ ಗಾಬರಿ ಬೇಡ. ಅದು ತಪ್ಪಲ್ಲ, ಗಡಿಯಾರದವರ ಹಳೆಯ ರೂಢಿ.

ಕೊಳ್ಳುವಾಗ ಅಸಲಿ ಯಾವುದು, ಜೋಡಿಸಿದ್ದು ಯಾವುದು ಎಂದು ಹೇಗೆ ಗುರುತಿಸಲಿ?

ಒಂದು ಗಡಿಯಾರದ ಯಂತ್ರ, ಇನ್ನೊಂದರ ಡಯಲ್, ಹೊಸದಾಗಿ ಮಾಡಿಸಿದ ಪೆಟ್ಟಿಗೆ ಸೇರಿಸಿ ‘ನೂರು ವರ್ಷದ್ದು’ ಎಂದು ಮಾರುವುದು ಎಲ್ಲ ಕಡೆಯೂ ಇದೆ. ಬಾಗಿಲು ತೆರೆದು ಟಾರ್ಚ್ ಹಿಡಿಯಿರಿ. ಕೀಲಿ ಕೊಡುವ ರಂಧ್ರ ಮತ್ತು ಅದರ ಹಿಂದಿನ ಕೀಲಿದಂಡ ಒಂದೇ ನೇರದಲ್ಲಿವೆಯೇ? ಯಂತ್ರ ಕೂರಿಸಿದ ಸ್ಕ್ರೂಗಳ ಪಕ್ಕದಲ್ಲಿ ಬಳಕೆಯಲ್ಲಿಲ್ಲದ ಹಳೆಯ ತೂತುಗಳಿವೆಯೇ? ಹಿಂಬದಿಯಲ್ಲಿ ಪ್ಲೈವುಡ್ ಇದೆಯೇ? ಲೋಲಕ ಪೆಟ್ಟಿಗೆಯ ಗಾಜಿನ ನಡುವೆ ಸರಿಯಾಗಿ ತೂಗುತ್ತದೆಯೇ, ಕೆಳಗೆ ತಾಗುತ್ತದೆಯೇ? ಹಳೆಯ ಮರದ ಒಳಬದಿ ತಾನಾಗಿ ಕಂದಿರುತ್ತದೆ. ಬಣ್ಣ ಬಳಿದು ಕಪ್ಪಾಗಿಸಿದ್ದು ಒದ್ದೆ ಬಟ್ಟೆಗೆ ಹತ್ತುತ್ತದೆ.

‘ವಿಕ್ಟೋರಿಯಾ, ಲಂಡನ್’ ಎಂದು ದೊಡ್ಡದಾಗಿ ಕೊರೆದ ಹಿತ್ತಾಳೆಯ ಹಡಗಿನ ಗಡಿಯಾರ, ಥಳಥಳಿಸುವ ಕೊಳವೆಯ ಗ್ರಾಮೋಫೋನ್ ಕಂಡರೆ ಇನ್ನಷ್ಟು ಎಚ್ಚರದಿಂದಿರಿ. ಅವುಗಳಲ್ಲಿ ಹೆಚ್ಚಿನವು ನಮ್ಮ ದೇಶದಲ್ಲೇ ಈಚೆಗೆ ತಯಾರಾದವು. ಚೆನ್ನಾಗಿ ಕಂಡರೆ ಕೊಳ್ಳಿ, ಆದರೆ ಹೊಸದರ ಬೆಲೆ ಕೊಟ್ಟು ಕೊಳ್ಳಿ.

ಮನೆಯಲ್ಲಿ ಎಲ್ಲಿ ತೂಗುಹಾಕಬೇಕು?

ನೋಡಲು ಚೆಂದವೆಂದು ಆರಿಸುವ ಮೊದಲ ಗೋಡೆ ಸಾಮಾನ್ಯವಾಗಿ ಗಡಿಯಾರಕ್ಕೆ ಕೆಟ್ಟ ಗೋಡೆ. ಮಲೆನಾಡಿನಲ್ಲಿ ಮುಂಗಾರು ಬೀಸುವುದು ಪಶ್ಚಿಮದಿಂದ. ಆ ಕಡೆಯ ಹೊರಗೋಡೆ ಇರಚಲು ಹೊಡೆದು ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ತೇವ ಕುಡಿಯುತ್ತಿರುತ್ತದೆ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಇದ್ದರಂತೂ ಒಳಗೋಡೆ ಬಿಟ್ಟು ಬೇರೆ ಕಡೆ ಯೋಚಿಸಲೇಬೇಡಿ. ಬಚ್ಚಲಿನ ಬೆನ್ನಿನ ಗೋಡೆ, ನೇರ ಬಿಸಿಲು ಬೀಳುವ ಗೋಡೆ, ಧಡ್ ಎಂದು ಹಾಕುವ ಬಾಗಿಲಿನ ಪಕ್ಕದ ಗೋಡೆ ಇವೂ ಬೇಡ.

ಹಿಂದಿನವರು ಗಡಿಯಾರವನ್ನು ಜಗುಲಿಯ ಒಳಗೋಡೆಯಲ್ಲೋ ನಡುಮನೆಯಲ್ಲೋ ಇಟ್ಟದ್ದು ಸುಮ್ಮನೆ ಅಲ್ಲ. ಅಲ್ಲಿ ಗಾಳಿಯಾಡುತ್ತಿತ್ತು, ಇರಚಲು ತಲುಪುತ್ತಿರಲಿಲ್ಲ. ಒಳಗಿದ್ದವರಿಗೂ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವರಿಗೂ ಗಂಟೆ ಕೇಳುತ್ತಿತ್ತು. ನಾನು ಗೋಡೆ ಆರಿಸುವಾಗ ಇದನ್ನೇ ನೋಡುತ್ತೇನೆ: ಮನೆಯವರು ದಿನಕ್ಕೆ ಹತ್ತು ಸಲ ಓಡಾಡುವ ದಾರಿಯಲ್ಲಿರಬೇಕು, ಕೀಲಿ ಕೊಡುವವರ ಕೈಗೆ ಎಟುಕಬೇಕು. ಸ್ಟೂಲ್ ಹತ್ತಿ ಕೀಲಿ ಕೊಡಬೇಕಾದ ಗಡಿಯಾರ ಮೂರು ತಿಂಗಳಲ್ಲಿ ನಿಲ್ಲುತ್ತದೆ.

ಮಣ್ಣಿನ ಗೋಡೆಗೂ ಜಂಬಿಟ್ಟಿಗೆಯ ಗೋಡೆಗೂ ಬರಿಯ ಮೊಳೆ ನೆಚ್ಚಬೇಡಿ. ಮೊದಲು ಗಟ್ಟಿಮರದ ಹಲಗೆಯೊಂದನ್ನು ನಾಲ್ಕು ಕಡೆ ಬಿಗಿದು, ಗಡಿಯಾರವನ್ನು ಅದಕ್ಕೆ ತೂಗುಹಾಕಿ. ಪೆಟ್ಟಿಗೆಯ ಹಿಂದೆ, ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ತುಂಡು ಅಂಟಿಸಿದರೆ ಹಿಂಬದಿಯಲ್ಲಿ ಗಾಳಿಯಾಡುತ್ತದೆ, ಲೋಲಕದ ಜೊತೆ ಪೆಟ್ಟಿಗೆಯೂ ಅಲುಗುವುದು ತಪ್ಪುತ್ತದೆ.

ಬೇಸಿಗೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದದ್ದು ಮಳೆಗಾಲದಲ್ಲಿ ನಿಂತುಬಿಡುತ್ತದೆ. ಯಂತ್ರ ಕೆಟ್ಟಿದೆಯೇ?

ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಕಣ್ಣು ಮುಚ್ಚಿ ಸದ್ದು ಕೇಳಿ. ಟಿಕ್ ಮತ್ತು ಟಾಕ್ ನಡುವಿನ ಬಿಡುವು ಎರಡೂ ಕಡೆ ಸಮನಾಗಿರಬೇಕು. ಒಂದು ಬಿಡುವು ಉದ್ದ, ಇನ್ನೊಂದು ಗಿಡ್ಡವಾಗಿ ಕುಂಟುತ್ತಿದ್ದರೆ ಪೆಟ್ಟಿಗೆ ಒಂದು ಬದಿಗೆ ವಾಲಿದೆ ಎಂದರ್ಥ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಹಲಗೆ ಸಡಿಲವಾಗುತ್ತದೆ, ಧೂಳು ಒರೆಸುವಾಗ ಒಂದು ಕೂದಲೆಳೆ ಸರಿದರೂ ಸಾಕು. ಪೆಟ್ಟಿಗೆಯ ಕೆಳಭಾಗವನ್ನು ಎಡಕ್ಕೋ ಬಲಕ್ಕೋ ಸ್ವಲ್ಪ ಸರಿಸುತ್ತ ಸದ್ದು ಸಮನಾಗುವ ಜಾಗ ಹುಡುಕಿ. ಕಣ್ಣಿಗೆ ಪೆಟ್ಟಿಗೆ ಸ್ವಲ್ಪ ಓರೆಯಾಗಿ ಕಂಡರೂ ಕಿವಿಯ ಮಾತನ್ನೇ ನಂಬಿ. ಜಾಗ ಸಿಕ್ಕಿದ ಮೇಲೆ ಪೆಟ್ಟಿಗೆಯ ಅಂಚಿಗೆ ಗೋಡೆಯ ಮೇಲೆ ಪೆನ್ಸಿಲಿನ ಸಣ್ಣ ಗೆರೆ ಎಳೆದಿಡಿ. ಮುಂದಿನ ಮಳೆಗಾಲಕ್ಕೆ ಆ ಗೆರೆ ನಿಮ್ಮ ಅರ್ಧ ದಿನ ಉಳಿಸುತ್ತದೆ.

ಇಷ್ಟು ಮಾಡಿದರೂ ನಿಂತರೆ ಎಣ್ಣೆ ಗಟ್ಟಿಯಾಗಿರಬಹುದು, ಲೋಲಕ ನೇತಾಡುವ ತೆಳುವಾದ ಉಕ್ಕಿನ ಪಟ್ಟಿಗೆ ತುಕ್ಕು ಹಿಡಿದಿರಬಹುದು. ಆಗ ರಿಪೇರಿಯವರ ಬಳಿಗೆ ಹೋಗಿ.

ಕೊಬ್ಬರಿ ಎಣ್ಣೆ ಬಿಟ್ಟರೆ ಸಾಕೆನ್ನುತ್ತಾರಲ್ಲ?

ದಯವಿಟ್ಟು ಬೇಡ. ಚಿಕ್ಕಂದಿನಲ್ಲಿ ನಾನೇ ಆ ತಪ್ಪು ಮಾಡಿದ್ದೇನೆ. ಗಡಿಯಾರ ನಾಲ್ಕು ದಿನ ಹುರುಪಿನಿಂದ ಓಡಿತು. ಮಾರ್ಗಶಿರದ ಚಳಿಗೆ ಎಣ್ಣೆ ಹೆಪ್ಪುಗಟ್ಟಿತು, ಆಮೇಲೆ ಧೂಳು ಸೇರಿ ಜಿಡ್ಡಾಯಿತು. ಬಿಚ್ಚಿ ತೊಳೆಸಲು ಅಪ್ಪಯ್ಯ ಅದನ್ನು ಬಟ್ಟೆಯಲ್ಲಿ ಸುತ್ತಿ ಶಿವಮೊಗ್ಗದವರೆಗೆ ತೊಡೆಯ ಮೇಲಿಟ್ಟುಕೊಂಡು ಬಂದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದು ಇಂದಿಗೂ ನೆನಪಿದೆ.

ಗಡಿಯಾರಕ್ಕೆಂದೇ ಇರುವ ಎಣ್ಣೆಯನ್ನು ಸೂಜಿಯ ಮೊನೆಯಷ್ಟು, ಅಚ್ಚಿನ ತುದಿ ತಿರುಗುವ ರಂಧ್ರಗಳಿಗೆ ಮಾತ್ರ ಹಾಕಬೇಕು. ಚಕ್ರದ ಹಲ್ಲುಗಳಿಗೆ ಎಣ್ಣೆ ಬೇಡ, ಅಲ್ಲಿ ಧೂಳು ಕೂತು ಅರದಂತೆ ಸವೆಸುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಪೆಟ್ಟಿಗೆಯೊಳಗೆ ಇಡುವ ಪದ್ಧತಿಯನ್ನೂ ನಾನು ಒಪ್ಪುವುದಿಲ್ಲ. ಆವಿ ಡಯಲ್‌ನ ಕಾಗದಕ್ಕೆ ಕಲೆ ಮಾಡುತ್ತದೆ, ಬೆಂಕಿಯ ಭಯ ಬೇರೆ.

ಸಮಯ ಹಿಂದೆ ಮುಂದೆ ಆಗುತ್ತಿದೆ. ಹೇಗೆ ಸರಿಪಡಿಸಲಿ?

ಲೋಲಕದ ಗುಂಡಿನ ಕೆಳಗೆ ತಿರುಪು ಇರುತ್ತದೆ. ಗುಂಡು ಮೇಲೆ ಬಂದರೆ ಗಡಿಯಾರ ಬೇಗ, ಕೆಳಗಿಳಿದರೆ ನಿಧಾನ. ಸುಮಾರು 25 ಸೆಂಟಿಮೀಟರ್ ಲೋಲಕದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವಾದರೆ ದಿನಕ್ಕೆ ಹತ್ತಿರ ಹತ್ತಿರ ಮೂರು ನಿಮಿಷದ ವ್ಯತ್ಯಾಸ. ಆದ್ದರಿಂದ ತಿರುಪನ್ನು ಅರ್ಧ ಸುತ್ತು ತಿರುಗಿಸಿ, ಒಂದು ಇಡೀ ದಿನ ಕಾಯಿರಿ. ಬಿಸಿಲಿಗೆ ಹಿತ್ತಾಳೆಯ ಕಡ್ಡಿ ಹಿಗ್ಗುವುದರಿಂದ, ಹತ್ತು ಡಿಗ್ರಿ ಸೆಕೆ ಹೆಚ್ಚಾದರೆ ದಿನಕ್ಕೆ ಎಂಟು ಸೆಕೆಂಡಿನಷ್ಟು ನಿಧಾನವಾಗುತ್ತದೆ. ವಾರಕ್ಕೆ ಒಂದೆರಡು ನಿಮಿಷ ಆಚೀಚೆಯಾದರೆ ಅದನ್ನು ದೋಷವೆಂದು ಎಣಿಸಬೇಡಿ.

ಒಮ್ಮೆ ಕೀಲಿ ಕೊಟ್ಟರೆ ಎಂಟು ದಿನ ಓಡುವ ಗಡಿಯಾರಕ್ಕೆ ವಾರಕ್ಕೊಮ್ಮೆ, ತಪ್ಪದೆ ಅದೇ ದಿನ ಕೀಲಿ ಕೊಡಿ. ನಮ್ಮ ಅಜ್ಜ ಸಂತೆಯ ದಿನ ಕೊಡುತ್ತಿದ್ದರು, ಮರೆಯುತ್ತಿರಲಿಲ್ಲ. ಎರಡು ರಂಧ್ರಗಳಲ್ಲಿ ಸಾಮಾನ್ಯವಾಗಿ ಬಲಗಡೆಯದು ನಡೆಯುವುದಕ್ಕೆ, ಎಡಗಡೆಯದು ಗಂಟೆ ಹೊಡೆಯುವುದಕ್ಕೆ.

ಮುಳ್ಳು ಹಿಂದಕ್ಕೆ ತಿರುಗಿಸಬಹುದೇ?

ಗಂಟೆ ಹೊಡೆಯುವ ಹಳೆಯ ಗಡಿಯಾರದಲ್ಲಿ ಬೇಡ. ದೊಡ್ಡ ಮುಳ್ಳನ್ನು ಮುಂದಕ್ಕೇ ತಿರುಗಿಸಿ, ಪ್ರತಿ ಗಂಟೆಗೂ ಅರ್ಧ ಗಂಟೆಗೂ ನಿಂತು, ಹೊಡೆಯುವುದು ಪೂರ್ತಿ ಮುಗಿದ ಮೇಲೆ ಮುಂದುವರಿಯಿರಿ. ಹತ್ತು ನಿಮಿಷ ಮುಂದೆ ಹೋಗಿದ್ದರೆ ಲೋಲಕವನ್ನು ಹತ್ತು ನಿಮಿಷ ಹಿಡಿದು ನಿಲ್ಲಿಸಿದರಾಯಿತು.

ರಾತ್ರಿ ಗಂಟೆಯ ಸದ್ದಿಗೆ ನಿದ್ದೆ ಬರುವುದಿಲ್ಲ.

ಗಂಟೆಗಳನ್ನಷ್ಟೇ ಹೊಡೆಯುವ ಗಡಿಯಾರ ದಿನಕ್ಕೆ 156 ಸಲ, ಅರ್ಧ ಗಂಟೆಗೂ ಒಮ್ಮೆ ಹೊಡೆಯುವುದು 180 ಸಲ ಹೊಡೆಯುತ್ತದೆ. ಮೊದಲ ವಾರ ಕಷ್ಟ, ಆಮೇಲೆ ಕಿವಿ ಒಗ್ಗಿಕೊಳ್ಳುತ್ತದೆ. ಒಗ್ಗದಿದ್ದರೆ ಸುತ್ತಿಗೆಯ ತಲೆಗೆ ಮೆತ್ತನೆಯ ತೊಗಲಿನ ಚೂರು ಅಂಟಿಸಿ. ಹೊಡೆಯುವ ಬದಿಗೆ ಕೀಲಿ ಕೊಡದೆ ಬಿಡಲೂಬಹುದು. ಆದರೆ ಹಾಗೆ ಬಿಟ್ಟಾಗ ಹನ್ನೆರಡರ ನಂತರ ಸಿಕ್ಕಿಕೊಂಡು ನಿಲ್ಲುವ ಗಡಿಯಾರಗಳೂ ಇವೆ, ರಿಪೇರಿಯವರನ್ನು ಒಮ್ಮೆ ಕೇಳಿ.

ಒಳಗೆ ಬ್ಯಾಟರಿ ಯಂತ್ರ ಹಾಕಿಸಿದರೆ ತೊಂದರೆಯೇ ಇರುವುದಿಲ್ಲವಲ್ಲ?

ತೊಂದರೆ ಇರುವುದಿಲ್ಲ, ಗಡಿಯಾರವೂ ಇರುವುದಿಲ್ಲ. ಮೊದಲೊಮ್ಮೆ ರಿಪೇರಿಗೆ ಕೊಟ್ಟ ಅಂಗಡಿಯೊಂದರಲ್ಲಿ ನಮ್ಮನ್ನು ಕೇಳದೆ ಹಾಗೆ ಮಾಡಿ, ಹಳೆಯ ಯಂತ್ರವನ್ನು ಗುಜರಿಗೆ ಹಾಕಲು ಹೊರಟಿದ್ದರು. ಜಗಳವಾಡಿ ವಾಪಸ್ ತಂದೆ. ರಿಪೇರಿಗೆ ಕೊಡುವಾಗ ಯಂತ್ರದ ಫೋಟೊ ತೆಗೆದಿಟ್ಟುಕೊಳ್ಳಿ, ಬದಲಾಯಿಸಿದ ಬಿಡಿಭಾಗಗಳನ್ನೂ ವಾಪಸ್ ಕೇಳಿ.

ನಿಂತ ಗಡಿಯಾರ ಮನೆಯಲ್ಲಿದ್ದರೆ ಅಶುಭವೇ?

ಶುಭ ಅಶುಭದ ತೀರ್ಮಾನ ನನ್ನದಲ್ಲ. ಆದರೆ ನಿಂತ ಗಡಿಯಾರವನ್ನು ಅಲಂಕಾರಕ್ಕೆಂದು ತೂಗುಹಾಕುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ರಿಪೇರಿ ಮಾಡಿಸುವಷ್ಟು ಹಣ ಸದ್ಯಕ್ಕೆ ಇಲ್ಲದಿದ್ದರೆ ಒಣ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡಿ, ಕಾಯಲಿ.

ಗಡಿಯಾರದ ಜೊತೆ ಬೇರೆ ಹಳೆಯ ವಸ್ತುಗಳನ್ನು ಹೇಗೆ ಜೋಡಿಸಲಿ?

ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಒಂದೇ ಗೋಡೆಗೆ ಗಡಿಯಾರ, ಲಾಟೀನು, ಬೀಸಣಿಗೆ, ಕತ್ತಿ, ಮುಖವಾಡ ಎಲ್ಲ ಸೇರಿದರೆ ಮನೆ ಅಂಗಡಿಯಂತೆ ಕಾಣುತ್ತದೆ. ಮಲೆನಾಡಿನ ತೊಟ್ಟಿಮನೆಯ ಚೆಲುವು ಖಾಲಿ ಜಾಗದಲ್ಲಿತ್ತು. ಕೆಂಪು ನೆಲ, ಕಪ್ಪು ಮುಂಡಿಗೆ, ಅಂಗಳದಿಂದ ಬೀಳುವ ಬೆಳಕು, ಅದರ ನಡುವೆ ಒಂದೇ ಒಂದು ತೂಗುದೀಪ. ಕಣ್ಣಿಗೆ ಇದನ್ನು ಕಲಿಸಬೇಕೆಂದರೆ ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಗೆ ಹೋಗಿ ಒಂದು ಗಂಟೆ ಸುಮ್ಮನೆ ಕೂತು ಬನ್ನಿ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಮರದ ಕಂಬಗಳ ಸಾಲು, ಸಾಗರದ ಬಳಿಯ ಕೆಳದಿಯ ವಸ್ತುಸಂಗ್ರಹಾಲಯ, ಇನ್ನೂ ಹುಮ್ಮಸ್ಸಿದ್ದರೆ ಘಟ್ಟ ಇಳಿದು ಮಣಿಪಾಲದಲ್ಲಿ ಹಳೆಯ ಮನೆಗಳನ್ನೇ ಕಳಚಿ ತಂದು ಮತ್ತೆ ನಿಲ್ಲಿಸಿರುವ ಹಸ್ತಶಿಲ್ಪ ಗ್ರಾಮವನ್ನೂ ನೋಡಿ.

ನಾನು ವಸ್ತುವಿಗೆ ಜಾಗ ಹುಡುಕುವುದಿಲ್ಲ, ಕೆಲಸ ಹುಡುಕುತ್ತೇನೆ. ಅಜ್ಜಿಯ ಹಿತ್ತಾಳೆ ಕೊಳಗದಲ್ಲಿ ಛತ್ರಿಗಳು ನಿಂತಿವೆ. ಮಳೆಗಾಲದ ಮನೆಗೆ ಅದಕ್ಕಿಂತ ಒಳ್ಳೆಯ ಉಪಯೋಗ ಗೊತ್ತಿಲ್ಲ. ಅಕ್ಕಿ ಅಳೆಯುವ ಸೇರಿನಲ್ಲಿ ಪೆನ್ನುಗಳಿವೆ. ಹದಿನಾಲ್ಕು ಗುಳಿಯ ಚೆನ್ನೆಮಣೆ ಗೋಡೆಯ ಮೇಲಿಲ್ಲ, ಮಕ್ಕಳ ಕೈಗೆ ಸಿಗುವ ಹಾಗೆ ಮೇಜಿನ ಕೆಳಗಿದೆ, ಜೊತೆಗೆ ಹುಣಸೆ ಬೀಜದ ಚೀಲ. ಆಟಕ್ಕೆ ಗುಲಗಂಜಿ ಇಡಬೇಡಿ, ಅದು ವಿಷ. ಗಡಿಯಾರದ ಪಕ್ಕದಲ್ಲಿ ನಾನು ಏನನ್ನೂ ಇಟ್ಟಿಲ್ಲ; ಕೆಳಗೆ ಅಜ್ಜನ ಆರಾಮ ಕುರ್ಚಿಯೊಂದಿದೆ, ಅಷ್ಟೆ.

ಹಸೆ ಚಿತ್ತಾರಕ್ಕೆ ಪ್ರತ್ಯೇಕ ಗೋಡೆ ಕೊಡಿ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆಯುವ ಆ ಗೆರೆಗಳಿಗೆ ಜೊತೆ ಬೇಕಿಲ್ಲ. ಬರೆದವರಿಂದಲೇ ಕೊಂಡುಕೊಳ್ಳಿ, ಸಾಧ್ಯವಾದರೆ ಅವರನ್ನೇ ಕರೆಸಿ ಗೋಡೆಗೆ ಬರೆಸಿ.

ಹಿತ್ತಾಳೆ, ತಾಮ್ರವನ್ನು ಥಳಥಳ ಹೊಳೆಯಿಸಬೇಕೇ?

ದಿನ ಬಳಸುವ ಪಾತ್ರೆ, ದೇವರ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತೊಳೆದು, ತಕ್ಷಣ ಒಣಬಟ್ಟೆಯಲ್ಲಿ ಒರೆಸಿ. ಸಂದುಗಳಲ್ಲಿ ಹುಳಿ ಉಳಿದರೆ ಹಸಿರು ಕಿಲುಬು ಏಳುತ್ತದೆ. ಅಲಂಕಾರಕ್ಕಿಟ್ಟ ಹಳೆಯ ಕಂಚಿನ ಮೇಲೆ ವರ್ಷಗಳಿಂದ ಕೂತ ಕಂದು ಬಣ್ಣವನ್ನು ಮಾತ್ರ ಉಜ್ಜಿ ತೆಗೆಯಬೇಡಿ, ತೆಗೆದದ್ದು ಮತ್ತೆ ಬರಲು ತಲೆಮಾರು ಬೇಕು. ಗಡಿಯಾರದ ಡಯಲ್‌ಗೆ ನೀರು, ಹುಣಸೆ, ಪಾಲಿಶ್ ಏನೂ ಬೇಡ. ಅಂಕಿಗಳೇ ಎದ್ದುಹೋಗುತ್ತವೆ.

ಮರದ ಪೆಟ್ಟಿಗೆಯ ಕೆಳಗೆ ಹಿಟ್ಟಿನಂಥ ಪುಡಿ ಬೀಳುತ್ತಿದೆ.

ಕೊರೆಯುವ ಹುಳು ಒಳಗಿದೆ. ಆ ವಸ್ತುವನ್ನು ಇವತ್ತೇ ಬೇರೆ ಮರದಿಂದ ದೂರವಿಡಿ, ತಿಳಿದವರಿಂದ ಔಷಧಿ ಹಾಕಿಸಿ. ಹಿಂದಿನ ಮನೆಗಳಲ್ಲಿ ಒಲೆಯ ಹೊಗೆ ಅಟ್ಟಕ್ಕೆ ಏರಿ ಮರವನ್ನು ಒಣಗಿಸುತ್ತಿತ್ತು. ಗ್ಯಾಸ್ ಒಲೆ ಬಂದ ಮೇಲೆ ಆ ಕಾವಲು ಹೋಯಿತು, ಅಟ್ಟವನ್ನು ನಾವೇ ನೋಡಿಕೊಳ್ಳಬೇಕು. ಬೂಷ್ಟು ಹಿಡಿದಿದ್ದರೆ ಒಣಬಟ್ಟೆಯಿಂದ ಒರೆಸಿ, ನೆರಳಿನ ಗಾಳಿಯಲ್ಲಿ ಆರಿಸಿ. ಬಿಸಿಲಿಗಿಟ್ಟರೆ ಮರ ಬಿರಿಯುತ್ತದೆ.

ಹಳೆಯ ಮನೆಯಲ್ಲಿ ಕಡವೆ ಕೊಂಬು ಇದೆ. ಗಡಿಯಾರದ ಎರಡು ಬದಿಗೆ ಹಾಕಬಹುದೇ?

ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಡೆತನದ ಪ್ರಮಾಣಪತ್ರವಿಲ್ಲದೆ ಇಂಥವನ್ನು ಇಟ್ಟುಕೊಳ್ಳುವುದು ಅಪರಾಧ. ಕಾಟಿಯ ಕೊಂಬು, ಹುಲಿಯುಗುರು, ಆನೆದಂತಕ್ಕೂ ಇದೇ ಮಾತು. ಅಜ್ಜನ ಕಾಲದ್ದು ಎಂಬುದು ಉತ್ತರವಾಗುವುದಿಲ್ಲ. ಮಾರಲೂ ಹೋಗಬೇಡಿ, ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಗೋಡೆಗೆ ಕೆತ್ತನೆಯೇ ಬೇಕೆಂದರೆ ಸಾಗರದ ಗುಡಿಗಾರರ ಕೈಯ ಕೆಲಸಕ್ಕಿಂತ ಒಳ್ಳೆಯದು ಎಲ್ಲಿದೆ? ಗಂಧದ ಕೆತ್ತನೆ ಕೊಂಡರೆ ರಸೀದಿಯನ್ನು ಜೋಪಾನವಾಗಿಡಿ.

ಅಮೆರಿಕದಲ್ಲಿರುವ ಮಗಳ ಮನೆಗೆ ಹಳೆಯ ವಿಗ್ರಹ ಕಳಿಸಬಹುದೇ?

ನೂರು ವರ್ಷ ದಾಟಿದ ಕಲಾವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಎಲ್ಲಿಂದ ಬಂತೆಂದು ಹೇಳಲಾಗದ ದೇವರ ಮೂರ್ತಿಯನ್ನು ಯಾರೇ ಮಾರಲು ಬಂದರೂ ಕೊಳ್ಳಬೇಡಿ. ಯಾವುದೋ ಊರಿನ ಗುಡಿ ಖಾಲಿಯಾಗಿರುತ್ತದೆ. ತಾಳೆಗರಿ ಮನೆಯಲ್ಲಿದ್ದರೆ ಚೌಕಟ್ಟು ಹಾಕಿಸಿ ಬಿಸಿಲಿಗೆ ತೂಗಬೇಡಿ, ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತೋರಿಸಿ ಸಲಹೆ ಪಡೆಯಿರಿ.

ಹಳೆಯ ಕಂಬ, ಹೆಬ್ಬಾಗಿಲು ತಂದು ಹೊಸ ಮನೆಗೆ ಕೂರಿಸಬಹುದೇ?

ಕೂರಿಸಬಹುದು. ಆದರೆ ನಿಂತಿರುವ ಮನೆಯನ್ನು ಕಂಬಕ್ಕಾಗಿ ಕೆಡವಿಸಬೇಡಿ. ಬೀಟೆ, ತೇಗದ ಹಳೆಯ ನಾಟಾ ಸಾಗಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ಪರವಾನಗಿಯ ಬಗ್ಗೆ ಕೇಳಿ.

ಕತ್ತಲಲ್ಲಿ ಹೊಳೆಯುವ ಅಂಕಿಯ ಹಳೆಯ ಟೈಂಪೀಸ್ ಮಕ್ಕಳ ಕೋಣೆಯಲ್ಲಿಡಬಹುದೇ?

ಬೇಡ. ಇಪ್ಪತ್ತನೆಯ ಶತಮಾನದ ಮೊದಲರ್ಧದ ಅಂಥ ಎಷ್ಟೋ ಗಡಿಯಾರಗಳಿಗೆ ರೇಡಿಯಂ ಬಣ್ಣ ಬಳಿದಿದ್ದರು. ಹೊಳಪು ಆರಿದ್ದರೂ ವಿಕಿರಣ ಆರಿರುವುದಿಲ್ಲ, ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷ ಬೇಕು. ಗಾಜು ತೆಗೆಯಬೇಡಿ, ಅಂಕಿ ಕೆರೆಯಬೇಡಿ, ಮಲಗುವ ಕೋಣೆಯಿಂದ ದೂರವಿಡಿ.

ಶಿವಮೊಗ್ಗದ ವಿನೋಬನಗರದಲ್ಲಿ ಎರಡು ಕೋಣೆಯ ಮನೆ ನಮ್ಮದು. ಇದೆಲ್ಲ ನಮಗೆ ಒಗ್ಗುತ್ತದೆಯೇ?

ಒಂದು ಗಡಿಯಾರಕ್ಕೆ ಒಂದು ಗೋಡೆ ಸಾಕು. ದೊಡ್ಡದು ಬೇಡವೆಂದರೆ ಕೀಲಿ ಕೊಡುವ ಟೈಂಪೀಸ್ ಒಂದನ್ನು ಪುಸ್ತಕದ ಕಪಾಟಿನಲ್ಲಿಡಿ. ಬೆಂಗಳೂರಿನಲ್ಲಿ 1961ರಿಂದ ತಯಾರಾಗುತ್ತಿದ್ದ ಎಚ್‌ಎಂಟಿ ಕೈಗಡಿಯಾರ ಮನೆಯಲ್ಲಿ ಇದ್ದೇ ಇರುತ್ತದೆ, ಸರಿಮಾಡಿಸಿ ಕಟ್ಟಿಕೊಳ್ಳಿ.

ಮನೆ ಬದಲಾಯಿಸುತ್ತಿದ್ದೇವೆ. ಗಡಿಯಾರವನ್ನು ಹೇಗೆ ಸಾಗಿಸಲಿ?

ಲೋಲಕ ಕಳಚಿ ಬೇರೆ ಸುತ್ತಿ. ಗಂಟೆಯ ಸುತ್ತಿಗೆ ಅಲುಗದಂತೆ ಮೆತ್ತನೆಯ ಬಟ್ಟೆ ತುರುಕಿ. ಕೀಲಿಯನ್ನು ದಾರದಿಂದ ಪೆಟ್ಟಿಗೆಯ ಒಳಗೇ ಕಟ್ಟಿ. ಲಾರಿಯಲ್ಲಿ ಸಾಮಾನಿನ ಜೊತೆ ಹಾಕದೆ ತೊಡೆಯ ಮೇಲಿಟ್ಟುಕೊಳ್ಳಿ.

ಹೊಸ ಗೋಡೆಗೆ ಹಾಕುವ ಮೊದಲು ಪೆಟ್ಟಿಗೆಯ ಒಳಬದಿಯನ್ನೊಮ್ಮೆ ನೋಡಿ. ರಿಪೇರಿ ಮಾಡಿದವರು ದಿನಾಂಕ ಗೀಚಿಡುವ ರೂಢಿ ಹಿಂದಿನಿಂದಲೂ ಇದೆ. ನಮ್ಮದರಲ್ಲಿ ಮೂರು ಕೈಗಳ ಬರಹವಿದೆ, ಎರಡನ್ನು ಓದಲು ಬರುತ್ತದೆ. ಅವುಗಳ ಕೆಳಗೆ ನಾನು ಒಂದು ಕಾಗದ ಅಂಟಿಸಿ, ಯಾವ ಊರಿನ ಯಾವ ಮನೆಯಿಂದ ಬಂತು, ಯಾವ ವರ್ಷ ತೊಳೆಸಿದೆವು, ವಾರದ ಯಾವ ದಿನ ಕೀಲಿ ಕೊಡುತ್ತೇವೆ ಎಂದು ಬರೆದಿದ್ದೇನೆ. ಕಾಗದದ ಕೆಳಭಾಗವನ್ನು ಖಾಲಿ ಬಿಟ್ಟಿದ್ದೇನೆ.